ಕುಶಾಲತೋಪು ಮತ್ತು ನೆರೆಹೊರೆ

ಅಕ್ಕಲಕೋಟ ಅರಮನೆಯ ಶಸ್ತ್ರಾಗಾರವನ್ನು ನೋಡಿದವರು ಅಲ್ಲಿಯ ಹಳೆಯ ಬಂದೂಕುಗಳನ್ನು ಕಾಳಗದ ಸಾಧನಗಳೆಂದೇ ಬಗೆಯುವುದು ಸಹಜ. ಆದರೆ ಸಂತೋಷವನ್ನು ಸಾರಲು ಗುಂಡಿಲ್ಲದೆ ಮದ್ದನ್ನಷ್ಟೇ ಹಾರಿಸುವ ಪದ್ಧತಿಯೂ ನಮ್ಮ ನಾಡಿನಲ್ಲಿತ್ತು. ‘ಕುಶಾಲತೋಪು’ ಎಂಬ ಮಾತೇ ಅದಕ್ಕೆ ಸಾಕ್ಷಿ. ಬ್ರಿಟಿಷರಂತೂ ಸಂಸ್ಥಾನಿಕರ ಮಾನವನ್ನು ತೋಪಿನ ಎಣಿಕೆಯಿಂದ ಅಳೆದರು. ಮೈಸೂರಿಗೆ 21, ಕೊಲ್ಲಾಪುರಕ್ಕೆ 19. 1948ರಲ್ಲಿ ವಿಲೀನವಾದ ಅಕ್ಕಲಕೋಟಕ್ಕೆ ಆ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ.

ಗುಂಡಿಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆನ್ನಲಾಗದು. ಬಾಯಿಯಿಂದ ತುಂಬುವ ಬಂದೂಕಿಗೆ ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆತ ಮದ್ದನ್ನು ಸುರಿದು, ಮೇಲೆ ಚಿಂದಿಯನ್ನು ಸಲಾಕೆಯಿಂದ ಜಡಿಯುತ್ತಿದ್ದರು. ಬಿಗಿದಷ್ಟೂ ಸಪ್ಪಳ ಹೆಚ್ಚು. ಆ ಚಿಂದಿಯೇ ಉರಿಯುತ್ತ ಹಾರಿ ನೆರೆಯವರ ಬಣವೆಯ ಮೇಲೆ ಬೀಳಬಹುದು. ಸಮೀಪದಲ್ಲಿದ್ದವರ ಕಣ್ಣು ಕಿವಿಗಳಿಗೂ ಕೇಡು. ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವುದಕ್ಕೆ ಹೋಮ ಮೈದಾನದ ಬಯಲು ಒದಗಿದುದು ಯೋಗ್ಯವೆಂದೇ ನಾವು ತಿಳಿಯುತ್ತೇವೆ.

1878ರ ಶಸ್ತ್ರ ಕಾಯಿದೆ ಬಂದೂಕಿಗೆ ಪರವಾನಗಿಯನ್ನು ವಿಧಿಸಿತು. ಅದರ ಸ್ಥಾನದಲ್ಲಿ ಬಂದ 1959ರ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಗಿ, ಪರರ ಜೀವಕ್ಕೆ ಅಪಾಯ ತರುವ ಸಂಭ್ರಮದ ಗುಂಡಿಗೆ 2 ವರ್ಷಗಳವರೆಗೆ ಸೆರೆ, 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ಗೊತ್ತುಪಡಿಸಲಾಯಿತು.

ಶಸ್ತ್ರಗಳ ಇತಿಹಾಸವನ್ನು ಇದುವರೆಗೆ ಹಾರಿಸಿದವರ ಕಡೆಯಿಂದಲೇ ಬರೆದದ್ದು ಹೆಚ್ಚು. ಗೋಡೆಯಾಚೆ ಬೆಚ್ಚಿಬಿದ್ದ ಬಾಣಂತಿ, ಹಗ್ಗ ಹರಿದ ಎತ್ತು, ಇವುಗಳ ನೆನಪನ್ನೂ ಊರ ಹಿರಿಯರಿಂದ ಕೇಳಿ ಬರೆದಿಡುವುದು ಶಿಕ್ಷಕರಾದ ನಮ್ಮ ಕರ್ತವ್ಯವಾಗಿದೆ.