ಕುಂಟುವ ದವಡೆಯ ಕಥೆ

ಕಾಲು ಕುಂಟೋದು ಗೊತ್ತು, ದವಡೆ ಹೇಗ್ರೀ ಕುಂಟುತ್ತೆ ಅಂತ ಕೇಳಬಹುದು ನೀವು. ಊಟಕ್ಕೆ ಕೂತು ನಾಲ್ಕು ತುತ್ತು ಅಗಿಯುವಷ್ಟರಲ್ಲಿ ಕೆನ್ನೆ ಹಿಡಿದುಕೊಂಡು ನೋಯುತ್ತೆ. ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಸರಿ. ಮತ್ತೆ ಅಗಿದರೆ ಮತ್ತೆ ನೋವು. ಇದಕ್ಕೆ ವೈದ್ಯರು 'ಜಾ ಕ್ಲಾಡಿಕೇಶನ್' ಅಂತಾರೆ. ಲ್ಯಾಟಿನ್ನಿನಲ್ಲಿ ಹಾಗಂದ್ರೆ ಕುಂಟುವುದು.

ವೈದ್ಯಶಾಸ್ತ್ರಕ್ಕೆ ಈ ವಿಷಯ ಬಂದದ್ದು ಕುದುರೆಯಿಂದ! 1831ರಲ್ಲಿ ಬೂಲೆ ಎಂಬ ಫ್ರೆಂಚ್ ಪಶುವೈದ್ಯ ಒಂದು ಗಾಡಿ ಕುದುರೆಯ ಬಗ್ಗೆ ಬರೆದ. ಸ್ವಲ್ಪ ದೂರ ಹೋದರೆ ಅದು ಕುಂಟುತ್ತಿತ್ತು, ನಿಂತು ಸುಧಾರಿಸಿಕೊಂಡರೆ ಮತ್ತೆ ನಡೆಯುತ್ತಿತ್ತು. ಕಾಲಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿತ್ತು, ಅಷ್ಟೇ. 1858ರಲ್ಲಿ ಪ್ಯಾರಿಸ್ಸಿನ ಶಾರ್ಕೋ ಮನುಷ್ಯರಲ್ಲೂ ಇದನ್ನೇ ಗುರುತಿಸಿದ. ದುಡಿಯುವ ಸ್ನಾಯುವಿಗೆ ಸಾಕಷ್ಟು ರಕ್ತ ಸಿಗದಿದ್ದರೆ ಅದು ಮುಷ್ಕರ ಹೂಡುತ್ತೆ. ದವಡೆಯ ಸ್ನಾಯುವೂ ಹಾಗೇ.

ಇನ್ನು ದವಡೆಯ ನಾಳ ಕಟ್ಟಿಕೊಳ್ಳೋದು ಯಾಕೆ? 1890ರಲ್ಲಿ ಲಂಡನ್ನಿನ ಜೊನಾಥನ್ ಹಚಿನ್ಸನ್ ಒಬ್ಬ ಮುದುಕನ ಬಗ್ಗೆ ಬರೆದಿದ್ದಾನೆ. ಪಾಪ, ಟೋಪಿ ಹಾಕಿಕೊಳ್ಳಲೂ ಆಗದಷ್ಟು ತಲೆನೋವು ಆತನಿಗೆ. ತಲೆಯ ಮೇಲೆ ಕೆಂಪು ಗೆರೆಗಳು. ನೋಡಿದರೆ ಅವು ಊದಿಕೊಂಡ ರಕ್ತನಾಳಗಳು. ಆಮೇಲೆ 1932ರಲ್ಲಿ ಅಮೆರಿಕದ ಮಿನೆಸೋಟಾ ರಾಜ್ಯದ ಮೇಯೋ ಕ್ಲಿನಿಕ್ಕಿನಲ್ಲಿ ಬೇಯರ್ಡ್ ಹಾರ್ಟನ್ ಮತ್ತು ಸಂಗಡಿಗರು ಇಬ್ಬರು ರೋಗಿಗಳ ಹಣೆ ಪಕ್ಕದ ನಾಳದ ತುಣುಕು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ನಾಳದ ಗೋಡೆಯೇ ಉರಿಯೂತದಿಂದ ದಪ್ಪಗಾಗಿತ್ತು. ಅಲ್ಲಿ ಕಾಣುವ ದೊಡ್ಡ ದೊಡ್ಡ ಜೀವಕೋಶಗಳಿಂದಾಗಿ ಈ ಕಾಯಿಲೆಗೆ ಈಗ 'ಜೈಂಟ್ ಸೆಲ್ ಆರ್ಟರೈಟಿಸ್' ಅಂತ ಹೆಸರು. ಐವತ್ತು ದಾಟಿದವರಿಗೆ, ಅದರಲ್ಲೂ ಎಪ್ಪತ್ತರ ಆಸುಪಾಸಿನ ಹೆಂಗಸರಿಗೆ ಬರೋದು ಹೆಚ್ಚು.

ಇದರಲ್ಲಿ ಹೆದರಬೇಕಾದ್ದು ದವಡೆಗಲ್ಲ, ಕಣ್ಣಿಗೆ. ಕಣ್ಣಿನ ನರಕ್ಕೆ ರಕ್ತ ಒಯ್ಯುವ ನಾಳವೂ ಹೀಗೇ ಕಟ್ಟಿಕೊಂಡರೆ ದೃಷ್ಟಿ ಇದ್ದಕ್ಕಿದ್ದಂತೆ ಹೋಗುತ್ತೆ, ಹೋದದ್ದು ವಾಪಸ್ಸು ಬರೋದು ಅಪರೂಪ.

ಮಜಾ ಅಂದ್ರೆ ಔಷಧಿ ಹುಟ್ಟಿದ್ದೂ ಅದೇ ಮೇಯೋ ಕ್ಲಿನಿಕ್ಕಿನಲ್ಲಿ. ಅಲ್ಲಿನ ಕೆಂಡಾಲ್ ಗುರುತಿಸಿದ್ದ ಹಾರ್ಮೋನನ್ನು ಮೆರ್ಕ್ ಕಂಪನಿಯವರು ದನದ ಪಿತ್ತರಸದಿಂದ ಒದ್ದಾಡಿ ತಯಾರಿಸಿ ಕೊಟ್ಟರು. 1948ರ ಸೆಪ್ಟೆಂಬರ್ 21ರಂದು ಫಿಲಿಪ್ ಹೆಂಚ್ ಅದನ್ನು ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಹೆಂಗಸಿಗೆ ಚುಚ್ಚಿಸಿದ. ವಾರದಲ್ಲಿ ಆಕೆ ಎದ್ದು ಅಂಗಡಿ ಸುತ್ತಿ ಬಂದಳು! ಅದೇ ಕಾರ್ಟಿಸೋನ್. 1950ರಲ್ಲಿ ಕೆಂಡಾಲ್, ಹೆಂಚ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್‌ಗೆ ನೊಬೆಲ್ ಬಂತು. ಅದೇ ವರ್ಷ ಮೇಯೋ ವೈದ್ಯರು ಹಾರ್ಟನ್ನನ ಕಾಯಿಲೆಗೂ ಇದನ್ನು ಕೊಟ್ಟು ನೋಡಿದ ವರದಿ ಹೊರಬಂತು. 1955ಕ್ಕೆ ಪ್ರೆಡ್ನಿಸೋನ್ ಮಾತ್ರೆ ಮಾರುಕಟ್ಟೆಗೆ ಬಂತು. ಮೊದಲ ಡೋಸ್ ಬಿದ್ದ ಎರಡು ಮೂರು ದಿನದಲ್ಲಿ ತಲೆನೋವು ಮಾಯವಾಗೋದು ಈ ಕಾಯಿಲೆಯ ಗುರುತು ಅನ್ನುವಷ್ಟು ಮಾಮೂಲಾಯ್ತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸ್ಟೀರಾಯ್ಡ್ ಜಾಸ್ತಿ ದಿನ ತಗೊಂಡರೆ ಸಕ್ಕರೆ ಏರುತ್ತೆ, ಮೂಳೆ ಸವೆಯುತ್ತೆ. ಹಾಗಂತ ಫಟ್ಟಂತ ನಿಲ್ಲಿಸೋ ಹಾಗೂ ಇಲ್ಲ, ದೇಹ ತನ್ನದೇ ಹಾರ್ಮೋನು ಮಾಡೋದನ್ನ ಮರೆತಿರುತ್ತೆ. ಹಾಗಾಗಿ ವರ್ಷ, ಎರಡು ವರ್ಷ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಇಳಿಸುವಾಗ ಕಾಯಿಲೆ ಮರುಕಳಿಸಿದರೆ ದವಡೆ ಮತ್ತೆ ಕುಂಟಲು ಶುರುಮಾಡಬಹುದು.

ಮಂಡ್ಯದ ನಮ್ಮ ದೊಡ್ಡಮ್ಮನಿಗೆ ಆದದ್ದು ಇದೇ. ಡೋಸ್ ಇಳಿಸಿದ ಮೇಲೆ ಕೋಡುಬಳೆ ಬಿಟ್ಟರು, ರೊಟ್ಟಿ ಬಿಟ್ಟರು, ಎರಡು ಹೊತ್ತೂ ಮುದ್ದೆ. ಮುದ್ದೆ ಅಗಿಯೋ ಹಾಗಿಲ್ವಲ್ಲ, ನುಂಗಿದರೆ ಆಯ್ತು. "ಹಲ್ಲಿನ ಸೆಟ್ಟು ಸರಿಯಿಲ್ಲ ಕಣಪ್ಪ" ಅಂತ ಮೂರು ವಾರ ತಳ್ಳಿದರು. ಮನೆಯಲ್ಲಿ ಎಲ್ಲರಿಗೂ ಖುಷಿ, ಊಟ ಚೆನ್ನಾಗಿ ಸೇರ್ತಿದೆ ಅಂತ. ತಪಾಸಣೆಗೆ ಹೋದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಅಗಿಯುವಾಗ ನೋಯುತ್ತಾ?" ಅನ್ನೋದು. ರಕ್ತ ಪರೀಕ್ಷೆ ಮಾಡಿಸಿ ಅವತ್ತೇ ಡೋಸ್ ಏರಿಸಿದರು. ಕಣ್ಣು ಉಳಿದಿದೆ.

ಸಣ್ಣ ತುತ್ತು, ಮೆತ್ತಗಿನ ಅನ್ನ, ನಡುನಡುವೆ ಬಿಡುವು, ಇವೆಲ್ಲ ನೋವಿಗೆ ಒಳ್ಳೆಯ ಉಪಾಯಗಳೇ. ಆದರೆ ನನಗನ್ನಿಸೋದು, ಉಪಾಯ ಹೂಡಿದ ದಿನವೇ ಡಾಕ್ಟರಿಗೊಂದು ಫೋನ್ ಹೋಗಬೇಕು. ಕಣ್ಣು ಮಂಜಾದರೆ ಅಥವಾ ಒಂದು ಎರಡಾಗಿ ಕಂಡರಂತೂ ಬೆಳಗಾಗುವವರೆಗೂ ಕಾಯೋ ಹಾಗಿಲ್ಲ, ಆಸ್ಪತ್ರೆಗೇ ಓಡಬೇಕು. ಅಗಿಯದಿದ್ದಾಗಲೂ ಒಂದೇ ಕಡೆ ನೋವಿದ್ದರೆ ಅದು ಬೇರೆ ಕಥೆ. ಸ್ಟೀರಾಯ್ಡಿನ ಜೊತೆ ಮೂಳೆಗೆಂದು ಕೊಡುವ ಕೆಲವು ಔಷಧಿಗಳಿಂದ ಅಪರೂಪಕ್ಕೆ ದವಡೆಯ ಮೂಳೆಯೇ ಸಾಯುವುದುಂಟು ಅಂತ 2003ರಿಂದೀಚೆಗೆ ಗೊತ್ತಾಗಿದೆ. ಅದಕ್ಕೇ ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಮಾತ್ರೆಗಳ ಪಟ್ಟಿ ತೋರಿಸಬೇಕು.

2017ರಲ್ಲಿ ಟೊಸಿಲಿಜುಮ್ಯಾಬ್ ಎಂಬ ಇಂಜೆಕ್ಷನ್ನಿಗೆ ಅಮೆರಿಕದಲ್ಲಿ ಈ ಕಾಯಿಲೆಗಾಗಿ ಅನುಮತಿ ಸಿಕ್ಕಿತು. ಪ್ರಯೋಗದಲ್ಲಿ ಇದನ್ನು ವಾರಕ್ಕೊಮ್ಮೆ ತಗೊಂಡು 26 ವಾರದಲ್ಲಿ ಸ್ಟೀರಾಯ್ಡ್ ಬಿಟ್ಟವರಲ್ಲಿ 56% ಮಂದಿ ವರ್ಷದ ಕೊನೆಗೂ ಕಾಯಿಲೆ ಮರುಕಳಿಸದೆ ಇದ್ದರು. ಬರೀ ಸ್ಟೀರಾಯ್ಡನ್ನೇ ಅಷ್ಟೇ ವಾರಗಳಲ್ಲಿ ಇಳಿಸಿದವರಲ್ಲಿ 14% ಮಾತ್ರ. ದೊಡ್ಡಮ್ಮನ ಡಾಕ್ಟರು ಸದ್ಯಕ್ಕೆ ಹಳೇ ಮಾತ್ರೆಯನ್ನೇ ಮುಂದುವರಿಸಿದ್ದಾರೆ, ಈ ಸಲ ಇನ್ನೂ ನಿಧಾನಕ್ಕೆ ಇಳಿಸುತ್ತಾ.