ಮಲ್ಪೆಯ ದ್ವೀಪಕ್ಕೆ ಗಾಮ ಬಂದದ್ದು ಯಾವಾಗ?

ಬಜಗೋಳಿಯ ಪೇಟೆಯಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಮಾಳದ ಮೂಲಕ ಘಟ್ಟ ಹತ್ತಿ ಕುದುರೆಮುಖದ ಕಡೆಗೆ, ಇನ್ನೊಂದು ನಾರಾವಿಯ ಮೂಲಕ ಧರ್ಮಸ್ಥಳದ ಕಡೆಗೆ. ಎರಡೂ ಕಡೆಯಿಂದ ಬರುವ ಪ್ರವಾಸದ ಬಸ್ಸುಗಳು ಇಲ್ಲಿ ಕೂಡಿ ಕಾರ್ಕಳಕ್ಕೆ ಇಳಿಯುತ್ತವೆ. ಗೊಮ್ಮಟನನ್ನು ನೋಡಿ, ಉಡುಪಿಯ ಮಠದಲ್ಲಿ ಊಟ ಮುಗಿಸಿ, ಹೊತ್ತಿದ್ದರೆ ಮಲ್ಪೆಗೆ ಹೋಗಿ ದೋಣಿ ಹತ್ತುವುದು ಹೆಚ್ಚಿನ ತಂಡಗಳ ಕ್ರಮ. ಮಂದಿ ತುಂಬಿದ ಮೇಲೆ ದೋಣಿ ಹೊರಡುತ್ತದೆ. ಕಾಯುವ ತಾಳ್ಮೆ ಇಲ್ಲದ ತಂಡಗಳು ಇಡೀ ದೋಣಿಯನ್ನೇ ಬಾಡಿಗೆಗೆ ಗೊತ್ತು ಮಾಡುವುದೂ ಉಂಟು. ಸುಮಾರು 6 ಕಿಲೋಮೀಟರು ಕಡಲಲ್ಲಿ ಸಾಗಿದರೆ ತೆಂಗಿನ ಮರಗಳ ಒಂದು ಸಣ್ಣ ದ್ವೀಪ. ಅದೇ ಸೈಂಟ್ ಮೇರೀಸ್. ಊರವರ ಬಾಯಲ್ಲಿ ತೋನ್ಸೆಪಾರ್.

ದೋಣಿಯಲ್ಲಿ ಕುಳಿತವರಿಗೆ ಒಂದು ಕಥೆ ತಪ್ಪದೆ ಕೇಳಸಿಗುತ್ತದೆ. 1498ರಲ್ಲಿ ವಾಸ್ಕೋ ಡ ಗಾಮ ಪೋರ್ಚುಗಲ್ಲಿನಿಂದ ಬಂದು ಮೊದಲು ಈ ದ್ವೀಪದಲ್ಲಿ ಇಳಿದ, ಶಿಲುಬೆ ನೆಟ್ಟು ಮೇರಿಯ ಹೆಸರಿಟ್ಟ, ಅನಂತರ ಕಲ್ಲಿಕೋಟೆಗೆ ಹೋದ ಎಂಬುದು ಆ ಕಥೆ. ಪ್ರವಾಸಿ ಕೈಪಿಡಿಗಳಲ್ಲೂ ಇದೇ ಅಚ್ಚಾಗಿದೆ. ಭಾರತದಲ್ಲಿ ಗಾಮ ಕಾಲಿಟ್ಟ ಮೊದಲ ನೆಲ ನಮ್ಮದು ಎಂಬ ಒಂದು ಬಗೆಯ ಹೆಮ್ಮೆಯೂ ಅದರಲ್ಲಿ ಸೇರಿಕೊಂಡಿದೆ. ಈ ಹೆಮ್ಮೆಗೆ ಆಧಾರವೇನು?

ಗಾಮನ ಮೊದಲ ಯಾನದ ದಿನಚರಿಯೊಂದು ಉಳಿದಿದೆ. ಹಡಗಿನಲ್ಲಿದ್ದವನೇ ಬರೆದದ್ದು, ಬರೆದವನ ಹೆಸರು ಅದರಲ್ಲಿಲ್ಲ, ಆಲ್ವಾರೊ ವೆಲ್ಯೊ ಎಂಬ ನಾವಿಕ ಇರಬೇಕೆಂದು ಬಹುಮಂದಿ ವಿದ್ವಾಂಸರ ಊಹೆ. ಹಸ್ತಪ್ರತಿ ಪೋರ್ಚುಗಲ್ಲಿನ ಪೋರ್ಟೊ ನಗರದ ಗ್ರಂಥಾಲಯದಲ್ಲಿದೆ. 1838ರಲ್ಲಿ ಮೊದಲ ಬಾರಿ ಅಚ್ಚಾಯಿತು, 1898ರಲ್ಲಿ ಇಂಗ್ಲಿಷಿಗೂ ಬಂತು. ಅದರ ತಾರೀಕುಗಳನ್ನು ಸಾಲಾಗಿ ಇಟ್ಟು ನೋಡಿದರೆ ಸಾಕು, ದೋಣಿಯ ಕಥೆ ತಲೆಕೆಳಗಾಗುತ್ತದೆ.

1497ರ ಜುಲೈ 8ರಂದು ಲಿಸ್ಬನ್ನಿನಿಂದ ಹೊರಟ ಹಡಗುಗಳು ಆಫ್ರಿಕದ ತುದಿಯನ್ನು ಬಳಸಿ ಮಲಿಂದಿಗೆ ಬಂದವು. ಅಲ್ಲಿ ಸಿಕ್ಕ ದಾರಿ ಬಲ್ಲ ನಾವಿಕನೊಬ್ಬನ ನೆರವಿನಿಂದ ಅರಬ್ಬೀ ಸಮುದ್ರವನ್ನು ದಾಟಿ, 1498ರ ಮೇ 18ರಂದು ಭಾರತದ ಬೆಟ್ಟಗಳನ್ನು ಕಂಡವು. ಆ ಬೆಟ್ಟ ಕಣ್ಣೂರಿನ ಬಳಿಯ ಏಳಿಮಲೆ. ಮಲ್ಪೆಯಿಂದ ಬಹಳ ದಕ್ಷಿಣಕ್ಕೆ. ಅಲ್ಲಿಂದ ಹಡಗುಗಳು ಇನ್ನೂ ದಕ್ಷಿಣಕ್ಕೇ ಸಾಗಿ ಮೇ 20ರಂದು ಕಲ್ಲಿಕೋಟೆಯ ಸಮೀಪ ಲಂಗರು ಹಾಕಿದವು. ಹೋಗುವಾಗ ಗಾಮ ನಮ್ಮ ಕಡಲಿನ ಹತ್ತಿರವೂ ಸುಳಿದಿಲ್ಲ.

ಅವನು ಇತ್ತ ಬಂದದ್ದು ಮರಳುವಾಗ. ಬಂದ ರೀತಿಯೂ ವಿಜಯಯಾತ್ರೆಯದಲ್ಲ. ಕಲ್ಲಿಕೋಟೆಯ ಸಾಮೂದಿರಿಗೆ ಅವನು ಒಯ್ದ ಕಾಣಿಕೆಗಳನ್ನು ಕಂಡು ಅಲ್ಲಿನ ಅಧಿಕಾರಿಗಳು ನಕ್ಕಿದ್ದರು. ಸರಕು ಬಿಕರಿಯಾಗಲಿಲ್ಲ, ಸುಂಕದ ಜಗಳ ಹತ್ತಿತು, ಎರಡೂ ಕಡೆಯವರು ಒತ್ತೆಯಾಳುಗಳನ್ನು ಹಿಡಿದರು. ಕೊನೆಗೆ ಆಗಸ್ಟ್ 29ರಂದು ಗಾಮ ಅಲ್ಲಿನ ಕೆಲವರನ್ನು ಸೆರೆಯಲ್ಲಿಟ್ಟುಕೊಂಡೇ ಹೊರಟ. ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಆಫ್ರಿಕದತ್ತ ಒಯ್ಯುವ ಮೂಡಣ ಗಾಳಿ ಬೀಸಲು ಇನ್ನೂ ತಿಂಗಳುಗಳು ಬೇಕು. ಕರಾವಳಿಯ ಯಾವ ಮೀನುಗಾರನಾದರೂ ಹೇಳಬಹುದಾಗಿದ್ದ ಈ ಮಾತನ್ನು ಗಾಮ ಕೇಳಿದಂತಿಲ್ಲ. ಹಡಗುಗಳು ದಡದ ಪಕ್ಕದಲ್ಲೇ ಕುಂಟುತ್ತ ಉತ್ತರಕ್ಕೆ ಬಂದವು.

ಸೆಪ್ಟೆಂಬರ್ 15, ಶನಿವಾರ. ದಡದಿಂದ ಎರಡು ಲೀಗ್ ದೂರದಲ್ಲಿ ಕೆಲವು ಕಿರುದ್ವೀಪಗಳು ಕಂಡವು. ದಿನಚರಿಯ ಈ ಕಿರುದ್ವೀಪಗಳೇ ಮಲ್ಪೆಯವು ಎಂಬುದು ಚರಿತ್ರಕಾರರ ಸಾಮಾನ್ಯ ಅಭಿಪ್ರಾಯ. ಗಾಮ ಸಣ್ಣ ದೋಣಿಯೊಂದನ್ನು ಇಳಿಸಿ, ಒಂದು ದ್ವೀಪದ ಮೇಲೆ ಕಲ್ಲಿನ ಕಂಬ ನೆಡಿಸಿದ. ಪೋರ್ಚುಗೀಸರು ‘ಪದ್ರಾಂವ್’ ಎನ್ನುತ್ತಿದ್ದ ಇಂತಹ ಕಂಬಗಳ ಮೇಲೆ ಅವರ ದೊರೆಯ ಲಾಂಛನವೂ ಶಿಲುಬೆಯೂ ಇರುತ್ತಿದ್ದವು. ಮೂರು ಕಂಬಗಳಿಗೆ ಸಂತ ರಫಾಯೆಲ್, ಸಂತ ಗಬ್ರಿಯೆಲ್, ಸಂತ ಮರಿಯ ಎಂದು ಹೆಸರಿಡುವಂತೆ ದೊರೆಯ ಅಪ್ಪಣೆಯಾಗಿತ್ತು. ಮೊದಲನೆಯದು ಆಫ್ರಿಕದಲ್ಲಿ, ಎರಡನೆಯದು ಕಲ್ಲಿಕೋಟೆಯಲ್ಲಿ ಮುಗಿದಿತ್ತು. ಉಳಿದದ್ದು ಮರಿಯಳ ಹೆಸರಿನದು. ಲಿಸ್ಬನ್ನಿನಲ್ಲೇ ನಿಶ್ಚಯವಾಗಿದ್ದ ಹೆಸರು ಕೊನೆಯ ಕಂಬದ ಜೊತೆಗೆ ಈ ದ್ವೀಪದ ಪಾಲಿಗೆ ಬಂತು. ಅಷ್ಟೆ!

ಆದರೆ ದಿನಚರಿಯಲ್ಲಿ ಮುಂದೆ ಬರುವ ಒಂದೆರಡು ವಾಕ್ಯಗಳು ಕಂಬಕ್ಕಿಂತ ಸ್ವಾರಸ್ಯವಾಗಿವೆ. ಹಡಗುಗಳ ಬಳಿಗೆ ಅನೇಕ ದೋಣಿಗಳಲ್ಲಿ ಜನ ಮೀನು ತಂದರಂತೆ. ಗಾಮ ಅವರಿಗೆ ಅಂಗಿಗಳನ್ನು ಕೊಟ್ಟು ಸಂತೋಷಪಡಿಸಿದ. ದ್ವೀಪದ ಮೇಲೊಂದು ಕಂಬ ನೆಟ್ಟರೆ ನಿಮಗೆ ಸಂತೋಷವೇ ಎಂದು ಕೇಳಿದ. ಬಹಳ ಸಂತೋಷ, ನೀವೂ ನಮ್ಮಂತೆ ಕ್ರೈಸ್ತರೇ ಎಂಬುದು ಅದರಿಂದ ಖಚಿತವಾಗುತ್ತದೆ ಎಂದು ಅವರು ಉತ್ತರ ಕೊಟ್ಟರಂತೆ.

ಮಲ್ಪೆಯ ಕಡಲಿನ ಮೀನುಗಾರರು ಈ ಮಾತನ್ನು ಆಡಿರಲು ಸಾಧ್ಯವೇ? ಕಲ್ಲಿಕೋಟೆಯಲ್ಲೇ ಈ ಯಾತ್ರಿಕರು ದೇವಸ್ಥಾನವೊಂದನ್ನು ಇಗರ್ಜಿ ಎಂದು ತಿಳಿದು, ಒಳಗೆ ಕೈಮುಗಿದು ಬಂದಿದ್ದರು. ಮುಸಲ್ಮಾನರಲ್ಲದವರೆಲ್ಲ ಕ್ರೈಸ್ತರೇ ಇರಬೇಕು ಎಂಬುದು ಅವರ ಲೆಕ್ಕ. ಇನ್ನು ಭಾಷೆಯ ಮಾತು. ಗಾಮನ ದುಭಾಷಿಗಳಿಗೆ ಬರುತ್ತಿದ್ದದ್ದು ಅರಬ್ಬಿ. ಹಡಗಿನಲ್ಲಿದ್ದ ಕಲ್ಲಿಕೋಟೆಯ ಸೆರೆಯಾಳುಗಳ ನುಡಿ ಮಲಯಾಳ. ಮೀನು ತಂದವರದು ತುಳು ಇದ್ದಿರಬೇಕು. ಇಷ್ಟು ಬಾಯಿಗಳನ್ನು ದಾಟಿ ಬಂದ ಒಪ್ಪಿಗೆಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಓದುಗರೇ ಊಹಿಸಬಹುದು. ಮೀನಿಗೆ ಪ್ರತಿಯಾಗಿ ಅಂಗಿ ಸಿಕ್ಕಿತು, ಕೇಳಿದ್ದಕ್ಕೆ ತಲೆಯಾಡಿಸಿದರು ಎಂದು ತಿಳಿಯುವುದೇ ಹೆಚ್ಚು ಸಹಜ.

ಆ ಹೊತ್ತಿಗೆ ದಡದಲ್ಲಿದ್ದ ನಾಡಿಗೆ ಯಾರೂ ಬಂದು ‘ಕಂಡುಹಿಡಿಯುವ’ ಅಗತ್ಯವಿರಲಿಲ್ಲ. ಕಾರ್ಕಳದಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೊಮ್ಮಟನಿಗೆ ಆಗಲೇ 66 ವರ್ಷ ತುಂಬಿತ್ತು; ಪ್ರತಿಷ್ಠೆಯಾದದ್ದು 1432ರಲ್ಲಿ. ಬಾರಕೂರು ವಿಜಯನಗರದ ರಾಜ್ಯಪಾಲರ ನೆಲೆ. ವಿಜಯನಗರದಲ್ಲಿ ಅಧಿಕಾರವೆಲ್ಲ ತುಳುವ ಮನೆತನದ ನರಸ ನಾಯಕನ ಕೈಯಲ್ಲಿತ್ತು. ಬಸರೂರು, ಬಾರಕೂರುಗಳ ಅಕ್ಕಿ ಹಡಗು ತುಂಬಿ ಹೊರನಾಡುಗಳಿಗೆ ಹೋಗುತ್ತಿದ್ದುದನ್ನು 1516ರ ಸುಮಾರಿಗೆ ಬರೆದ ಪೋರ್ಚುಗೀಸನೇ ಆದ ದುವಾರ್ತೆ ಬಾರ್ಬೊಸ ವರ್ಣಿಸಿದ್ದಾನೆ. ಮಲ್ಪೆಯ ಕಡಲಿನ ಮಟ್ಟಿಗಂತೂ ಜನರ ನೆನಪು ಇನ್ನೂ ಹಿಂದಕ್ಕೆ ಹೋಗುತ್ತದೆ. ದ್ವಾರಕೆಯ ಕಡೆಯಿಂದ ಬಂದ ಹಡಗು ಇಲ್ಲಿ ಬಿರುಗಾಳಿಗೆ ಸಿಕ್ಕಿದ್ದು, ಮಧ್ವಾಚಾರ್ಯರು ಅದನ್ನು ಉಳಿಸಿ ಗೋಪೀಚಂದನದ ಹೆಂಟೆಯೊಳಗಿದ್ದ ಕೃಷ್ಣನನ್ನು ಪಡೆದದ್ದು, ಇವು ಹದಿಮೂರನೆಯ ಶತಮಾನದ ಐತಿಹ್ಯ. ಪವಾಡದ ಭಾಗ ನಂಬಿಕೆಗೆ ಬಿಟ್ಟದ್ದು. ಗುಜರಾತಿನ ಹಡಗು ಮಲ್ಪೆಯ ಎದುರು ಹಾದುಹೋಗುವುದು ಮಾತ್ರ ಆ ಕಥೆ ಹೇಳಿದವರಿಗೆ ಅಚ್ಚರಿಯ ಸಂಗತಿಯಾಗಿರಲಿಲ್ಲ.

ಮೇರಿಯ ದ್ವೀಪದಿಂದ ಗಾಮ ಕಾರವಾರದ ಬಳಿಯ ಅಂಜದೀವಕ್ಕೆ ಹೋದ. ಅಲ್ಲಿ ಹಡಗುಗಳನ್ನು ರಿಪೇರಿ ಮಾಡಿ ಅಕ್ಟೋಬರ್ 5ರಂದು ತೆರೆದ ಕಡಲಿಗೆ ಹೊರಟ. ಬರುವಾಗ ಮೂರೂವರೆ ವಾರದಲ್ಲಿ ದಾಟಿದ್ದ ಸಮುದ್ರ ಹೋಗುವಾಗ ಸುಮಾರು ಮೂರು ತಿಂಗಳು ತಿಂದಿತು. ವಸಡು ಬಾತು ಕೊಳೆಯುವ ಸ್ಕರ್ವಿ ರೋಗಕ್ಕೆ 30 ಮಂದಿ ಸತ್ತರು. ನಡೆಸಲು ಜನ ಸಾಲದೆ ಒಂದು ಹಡಗನ್ನು ಆಫ್ರಿಕದ ದಡದಲ್ಲಿ ಸುಟ್ಟುಹಾಕಬೇಕಾಯಿತು. ಮುಂದೆ ತೋಪುಗಳೊಡನೆ ಬಂದ ಪೋರ್ಚುಗೀಸರು 1505ರಲ್ಲಿ ಅಂಜದೀವದಲ್ಲಿ ಕೋಟೆ ಕಟ್ಟಿದರು, ಹೊನ್ನಾವರಕ್ಕೆ ಬೆಂಕಿಯಿಟ್ಟರು. ಅಂಗಿ ಹಂಚುವ ಕಾಲ ಅಷ್ಟು ಬೇಗ ಮುಗಿಯಿತು.

ಗಾಮನ ಕಂಬ ಇಂದು ಉಳಿದಿಲ್ಲ. ಆದರೆ ದ್ವೀಪದಲ್ಲಿ ಕಂಬಗಳಿಗೆ ಬರವಿಲ್ಲ. ಐದು, ಆರು, ಏಳು ಮೂಲೆಗಳ ಕಲ್ಲುಗಂಬಗಳು ಯಾರೋ ಕಡೆದು ಜೋಡಿಸಿಟ್ಟಂತೆ ಒತ್ತೊತ್ತಾಗಿ ನಿಂತಿವೆ. ಎತ್ತರದವು 6 ಮೀಟರಿನಷ್ಟಿವೆ. ಕಾದ ಲಾವಾ ತಣಿದು ಕುಗ್ಗುವಾಗ ಮೇಲ್ಮೈ ಬಿರುಕು ಬಿಟ್ಟು, ಆ ಬಿರುಕು ಕೆಳಕ್ಕೆ ಇಳಿದು ಹೀಗಾಗಿದೆ. ನೀರು ಬತ್ತಿದ ಗದ್ದೆಯ ಕೆಸರು ಬೇಸಗೆಯಲ್ಲಿ ತುಂಡುತುಂಡಾಗಿ ಒಡೆಯುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಐರ್ಲೆಂಡಿನ ಜಯಂಟ್ಸ್ ಕಾಸ್‌ವೇಯಲ್ಲಿ ಇಂತಹ ಸುಮಾರು 40,000 ಕಂಬಗಳಿವೆ. ಅಲ್ಲಿನದು ಕಪ್ಪು ಬಸಾಲ್ಟ್. ಇಲ್ಲಿನದನ್ನೂ ಅನೇಕರು ಬಸಾಲ್ಟ್ ಎಂದೇ ಬರೆಯುತ್ತಾರೆ. ನಿಜವಾಗಿ ಇದು ಸಿಲಿಕ ಹೆಚ್ಚಾಗಿರುವ ರಯೋಲೈಟ್, ಡೇಸೈಟ್ ಬಗೆಯ ಶಿಲೆ.

ವಯಸ್ಸಿನ ಲೆಕ್ಕವೂ ಹೀಗೆಯೇ ತಿದ್ದುಪಡಿಯಾಗಿದೆ. ಮಹಾರಾಷ್ಟ್ರದ ಪ್ರಸಿದ್ಧ ದಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಮಲ್ಪೆಯ ದ್ವೀಪಗಳ ಶಿಲೆಯನ್ನು ಪರೀಕ್ಷಿಸಿದಾಗ ಅದು ಸುಮಾರು 8.5ರಿಂದ 9 ಕೋಟಿ ವರ್ಷದಷ್ಟು ಹಿಂದಿನದೆಂದು ಕಂಡುಬಂತು. ಇದೇ ಕಾಲದ ಜ್ವಾಲಾಮುಖಿ ಶಿಲೆಗಳು ಎಲ್ಲಿವೆ? ಕಡಲಾಚೆಯ ಮಡಗಾಸ್ಕರದಲ್ಲಿ. ಆ ನೆಲವೂ ನಮ್ಮ ಕರಾವಳಿಯೂ ಒಂದಕ್ಕೊಂದು ಅಂಟಿಕೊಂಡಿದ್ದು, ಆಗ ಸೀಳಿ ಬೇರೆಯಾದವು ಎಂಬುದಕ್ಕೆ ಈ ಕಂಬಗಳು ಸಾಕ್ಷಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ತಮ್ಮ ಒಂಟಿ ಕಂಬವನ್ನು ನೆಟ್ಟು ಹೋದವರ ದಿನಚರಿಯಲ್ಲಿ ಮಾತ್ರ ಈ ಕಂಬಗಳ ಸುದ್ದಿಯೇ ಇಲ್ಲ.

ದ್ವೀಪಗಳು ಒಂದಲ್ಲ, ದಡಕ್ಕೆ ಸಮಾಂತರವಾಗಿ ಹಲವು ಚದುರಿವೆ. ದರಿಯಾ ಬಹಾದ್ದೂರ್ ಗಡದಲ್ಲಿ ಬಿದನೂರಿನ ಬಸಪ್ಪ ನಾಯಕ ಕಟ್ಟಿಸಿದ ಕೋಟೆಯ ಅವಶೇಷವಿದೆ. ಬಾಡಿಗೆ ದೋಣಿಗಳು ಹೆಚ್ಚಾಗಿ ನಿಲ್ಲುವುದು ತೆಂಗಿನ ದ್ವೀಪದ ಬಳಿ. ನೀರಿನಡಿ ಬಂಡೆಗಳಿರುವುದರಿಂದ ದೊಡ್ಡ ದೋಣಿ ದಡ ಮುಟ್ಟುವುದಿಲ್ಲ. ಸಣ್ಣ ದೋಣಿಗೆ ಇಳಿದು ಹೋಗಬೇಕು, ಗಾಮನ ಜನ ಹೋದಂತೆಯೇ. ದ್ವೀಪದಲ್ಲಿ ಮನೆಮಠವಿಲ್ಲ, ರಾತ್ರಿ ತಂಗುವಂತಿಲ್ಲ. ಅಲೆ ಬಡಿಯುವ ಕಂಬಗಳ ತಲೆಗಳು ಪಾಚಿ ಹಿಡಿದು ಜಾರುತ್ತವೆ. 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದ ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಮಳೆಗಾಲದಲ್ಲಿ, ಗಾಮ ಗಾಳಿಯನ್ನು ಲೆಕ್ಕಿಸದೆ ಹಡಗು ಬಿಟ್ಟ ಆ ತಿಂಗಳುಗಳಲ್ಲಿ, ಮಲ್ಪೆಯ ಪ್ರವಾಸಿ ದೋಣಿಗಳು ಕಡಲಿಗೆ ಇಳಿಯುವುದಿಲ್ಲ.