ಒಂದು ಹನಿ ರಕ್ತದಲ್ಲಿ ಕೊಬ್ಬಿನ ಲೆಕ್ಕ

ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆಯಂಥ ಊರಿನಲ್ಲೂ ಸಕ್ಕರೆ ನೋಡುವ ಪುಟ್ಟ ಯಂತ್ರ ಈಗ ಹೊಸದಲ್ಲ. ಬೆರಳು ಚುಚ್ಚಿ ಸ್ಟ್ರಿಪ್‌ಗೆ ಹನಿ ರಕ್ತ ತಾಗಿಸಿದರೆ ಅಂಕಿ ಮೂಡುತ್ತದೆ. ಅದೇ ರಕ್ತದ ಕೊಲೆಸ್ಟರಾಲ್ ತಿಳಿಯಬೇಕಾದರೆ ಹೆಚ್ಚಿನವರು ಲ್ಯಾಬಿಗೆ ಹೋಗಿ, ತೋಳಿನಿಂದ ರಕ್ತ ಕೊಟ್ಟು, ವರದಿಗೆ ಕಾಯಬೇಕು. ಕೂಲಿಯವನಿಗೆ ಅದು ಒಂದು ದಿನದ ದುಡಿಮೆ. ಕೊಲೆಸ್ಟರಾಲ್ ಏರಿದರೆ ನೋವಾಗುವುದಿಲ್ಲ. ಹಲವರಿಗೆ ಅದು ತಿಳಿಯುವುದು ಎದೆ ಹಿಡಿದುಕೊಂಡ ಮೇಲೆಯೇ.

ಈ ವಸ್ತು ಮೊದಲು ಸಿಕ್ಕಿದ್ದು ಪಿತ್ತಕೋಶದ ಕಲ್ಲಿನಲ್ಲಿ. 1815ರ ಸುಮಾರಿಗೆ ಫ್ರಾನ್ಸಿನ ಶೆವ್ರೆಲ್ ಅದಕ್ಕೆ ಹೆಸರಿಟ್ಟರು. ಆ ಶತಮಾನದ ಕೊನೆಗೆ ಲೀಬರ್‌ಮನ್ ಮತ್ತು ಬುರ್ಚಾರ್ಡ್ ತೋರಿಸಿಕೊಟ್ಟ ದಾರಿಯಲ್ಲಿ, ಗಂಧಕಾಮ್ಲ ಬೆರೆಸಿದಾಗ ಮೂಡುವ ಹಸಿರು ಬಣ್ಣವನ್ನು ನೋಡಿ ಬಹುಕಾಲ ಲೆಕ್ಕ ಹಾಕಲಾಯಿತು. ಆಮ್ಲದ ಸೀಸೆ ಹೊತ್ತು ಹಳ್ಳಿ ಸುತ್ತುವುದು ಆಗುವ ಮಾತೇ?

1962ರಲ್ಲಿ ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ ವಿದ್ಯುದಗ್ರದ ಮೇಲೆ ಕಿಣ್ವವನ್ನು ಕೂರಿಸುವ ಉಪಾಯ ಹೇಳಿದರು. ಜೈವಿಕ ಸಂವೇದಕ, ಅಂದರೆ ಬಯೋಸೆನ್ಸರ್, ಹುಟ್ಟಿದ್ದು ಹೀಗೆ. 1987ರ ಹೊತ್ತಿಗೆ ಸಕ್ಕರೆ ಅಳೆಯುವ ಯಂತ್ರ ಪೆನ್ನಿನ ಗಾತ್ರಕ್ಕೆ ಇಳಿಯಿತು.

ಕೊಲೆಸ್ಟರಾಲ್ ಹಿಂದುಳಿದದ್ದೇಕೆ? ಸಕ್ಕರೆ ನೀರಿನಲ್ಲಿ ಕರಗಿ ನೇರವಾಗಿ ಕಿಣ್ವಕ್ಕೆ ಸಿಗುತ್ತದೆ. ಕೊಲೆಸ್ಟರಾಲ್ ನೀರಿಗೆ ಒಗ್ಗದು. ಪ್ರೋಟೀನಿನ ಮೂಟೆಯೊಳಗೆ ಕುಳಿತು ಸಾಗುತ್ತದೆ. ಅದರ ಸುಮಾರು ಮುಕ್ಕಾಲು ಪಾಲು ಕೊಬ್ಬಿನ ಆಮ್ಲಕ್ಕೆ ಅಂಟಿಕೊಂಡೇ ಇರುತ್ತದೆ. ಸಾಬೂನಿನಂಥ ದ್ರವ್ಯ ಮೂಟೆ ಬಿಚ್ಚಬೇಕು, ಒಂದು ಕಿಣ್ವ ಅಂಟು ಬಿಡಿಸಬೇಕು, ಇನ್ನೊಂದು ಅದನ್ನು ಉತ್ಕರ್ಷಿಸಬೇಕು. ಆಗ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ವಿದ್ಯುತ್ತಾಗಿ ಅಳೆಯಲು ಸಿಗುತ್ತದೆ. ಇಷ್ಟೂ ಕೆಲಸ ಒಂದೇ ಸ್ಟ್ರಿಪ್‌ನಲ್ಲಿ! ಇಂಥ ಕೈಯಂತ್ರಗಳು ಪೇಟೆಯಲ್ಲಿವೆ. ಸ್ಟ್ರಿಪ್‌ನ ಬೆಲೆ ಮಾತ್ರ ಸಕ್ಕರೆಯದಕ್ಕಿಂತ ಹಲವು ಪಟ್ಟು.

ನಮ್ಮವರೂ ಸುಮ್ಮನೆ ಕುಳಿತಿಲ್ಲ. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿ ಬನ್ಸಿ ಧರ್ ಮಲ್ಹೋತ್ರಾ ಅವರ ತಂಡ ವಿದ್ಯುತ್ ಹರಿಸುವ ಪಾಲಿಮರ್‌ಗಳ ಮೇಲೆ ಈ ಕಿಣ್ವಗಳನ್ನು ಕೂರಿಸಿ ನೋಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ ಮತ್ತು ವಿನಯ್ ಕುಮಾರ್ 2015ರಲ್ಲಿ 'ಪಾಥ್‌ಶೋಧ್' ಕಂಪನಿ ಕಟ್ಟಿ, ಹಲವು ರಕ್ತಪರೀಕ್ಷೆಗಳನ್ನು ಅಂಗೈಯಗಲದ ಒಂದೇ ಯಂತ್ರಕ್ಕೆ ತಂದರು. ಅವರ ಗಮನವಿದ್ದದ್ದು ಮಧುಮೇಹ ಮತ್ತು ಅದರ ತೊಡಕುಗಳ ಮೇಲೆ. ಸಂವೇದಕಗಳ ಕೆಲಸಕ್ಕಾಗಿ ಭಟ್ ಅವರಿಗೆ 2018ರ ಇನ್ಫೋಸಿಸ್ ಪ್ರಶಸ್ತಿಯೂ ಬಂತು. ಕೊಲೆಸ್ಟರಾಲ್‌ಗೂ ಇದೇ ದಾರಿ ಎಂದರೆ ತಪ್ಪಾಗದು.

ಆದರೆ ಕಿಣ್ವ ಬಿಸಿಲಿಗೆ ಹೆದರುವ ವಸ್ತು. ಬೆಂಗಳೂರಿನ ತಂಪಿನಲ್ಲಿ ಸರಿಯಾಗಿ ಅಳೆಯುವ ಸ್ಟ್ರಿಪ್, 40 ಡಿಗ್ರಿ ದಾಟುವ ಸುರಪುರದ ಮೇ ತಿಂಗಳನ್ನೂ ತಾಳಬೇಕು.